ಸೊಲ್ಲಾಪುರ ದರ್ಶನ: ಸೊನ್ನಲಿಗೆಯ ಗುರುತುಗಳು

ಸೊಲ್ಲಾಪುರವು ಇಂದು ಮಹಾರಾಷ್ಟ್ರದ ಜಿಲ್ಲಾ ಕೇಂದ್ರ. ವಚನಗಳನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಅದೇ ಊರು ಸೊನ್ನಲಿಗೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದ ನಮ್ಮ ಕುಟುಂಬಗಳು ಆಸ್ಪತ್ರೆಗೆಂದೋ ಪೇಟೆಗೆಂದೋ ಕಚೇರಿಯ ಕೆಲಸಕ್ಕೆಂದೋ ಈ ನಗರಕ್ಕೆ ಹೋಗಿಬರುತ್ತಲೇ ಇರುತ್ತವೆ. ಆದರೆ ಮಕ್ಕಳ ಕೈಹಿಡಿದು ಊರನ್ನು ತೋರಿಸುವ ಉದ್ದೇಶದಿಂದಲೇ ಹೋಗುವುದು ಅಪರೂಪ. ಹಾಗೆ ಒಂದು ದಿನವನ್ನು ಮೀಸಲಿಡುವವರಿಗೆ ನೆರವಾಗಲೆಂದು ಈ ಪರಿಚಯವನ್ನು ನೀಡುತ್ತಿದ್ದೇವೆ.

ಸಿದ್ಧೇಶ್ವರ ದೇವಾಲಯ ಮತ್ತು ಕೆರೆ

ನಗರದ ನಡುವಿನ ಕೆರೆಯಲ್ಲಿ ದ್ವೀಪದಂತೆ ನಿಂತಿರುವ ಈ ದೇವಾಲಯದಿಂದಲೇ ದರ್ಶನವನ್ನು ಆರಂಭಿಸುವುದು ಯುಕ್ತ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮರ ಸಮಾಧಿ ಇಲ್ಲಿದೆ. 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳು ಕನ್ನಡದಲ್ಲಿವೆ. ತ್ರಿಪದಿಯಲ್ಲಿಯೂ ಅವರು ಸ್ತೋತ್ರಗಳನ್ನು ಬರೆದಿದ್ದಾರೆ. ಹದಿಮೂರನೆಯ ಶತಮಾನದ ಕವಿ ರಾಘವಾಂಕನು ಅವರ ಬದುಕನ್ನೇ ವಸ್ತುವಾಗಿಸಿ 'ಸಿದ್ಧರಾಮ ಚಾರಿತ್ರ'ವನ್ನು ರಚಿಸಿದನು.

ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದದ್ದು, ಮರಳಿ ಬಂದು ಊರಿನಲ್ಲಿ ದೇಗುಲ ಕಟ್ಟಿಸಿ ಕೆರೆ ತೋಡಿಸಿದ್ದು ಪರಂಪರೆಯು ಹೇಳುವ ಕಥೆ. ಕೆರೆ ಕಟ್ಟುವುದನ್ನೇ ಪರಮ ಸಾಧನೆಯೆಂದು ತಿಳಿದಿದ್ದ ಅವರನ್ನು ಅಲ್ಲಮಪ್ರಭುಗಳು ಪ್ರಶ್ನಿಸಿ, ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆಯ ದಂಡೆಯಲ್ಲಿ ಕುಳಿತು ಮಕ್ಕಳಿಗೆ ಈ ಪ್ರಸಂಗವನ್ನು ಹೇಳಿದರೆ, ಪುಸ್ತಕದ ಪಾಠವು ಕಣ್ಣೆದುರಿನ ನೀರಾಗಿ ನಿಲ್ಲುತ್ತದೆ.

ಅರವತ್ತೆಂಟು ಲಿಂಗಗಳು ಮತ್ತು ಜಾತ್ರೆ

ಸಿದ್ಧರಾಮರು ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂಬುದು ನಂಬಿಕೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಆ ಲಿಂಗಗಳನ್ನೆಲ್ಲ ಸಂದರ್ಶಿಸುತ್ತವೆ. ಕುಂಬಾರರ ಕನ್ಯೆಯೊಬ್ಬಳು ತಮ್ಮನ್ನು ವರಿಸಲು ಬಯಸಿದಾಗ ವಿರಕ್ತರಾದ ಸಿದ್ಧರಾಮರು ತಮ್ಮ ಯೋಗದಂಡದೊಡನೆ ವಿವಾಹಕ್ಕೆ ಸಮ್ಮತಿಸಿದರಂತೆ. ನಂದಿಧ್ವಜವು ಆ ದಂಡದ ಸಂಕೇತ. ಸಮ್ಮತಿ ಕಟ್ಟೆಯ ಬಳಿ ನಡೆಯುವ ಅಕ್ಷತಾ ಸಮಾರಂಭವು ಈ ಮದುವೆಯ ಸ್ಮರಣೆ.

ಈ ಜಾತ್ರೆಯ ಮಾತುಗಳಿಗೆ ನಮ್ಮ ಮಕ್ಕಳು ವಿಶೇಷವಾಗಿ ಕಿವಿಗೊಡಬೇಕು. ಲಿಂಗಗಳಿಗೆ ತೈಲಾಭಿಷೇಕ ಮಾಡುವ ವಿಧಿಯನ್ನು ಮರಾಠಿ ಪತ್ರಿಕೆಗಳು 'ಯಣ್ಣೀಮಜ್ಜನ' ಎಂದು ಬರೆಯುತ್ತವೆ. ಅದು ನಮ್ಮ ಎಣ್ಣೆ ಮಜ್ಜನ. ಕೊನೆಯ ದಿನ ನಂದಿಧ್ವಜಗಳ ವಸ್ತ್ರವನ್ನು ಇಳಿಸುವ ವಿಧಿ 'ಕಪ್ಪಡಕಳಿ'. ಕಪ್ಪಡವೆಂದರೆ ಬಟ್ಟೆ, ಕಳೆಯೆಂದರೆ ತೆಗೆ. ಮೆರವಣಿಗೆ ಹೊರಡುವುದು ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ. ಆ 'ಹಿರೇ' ಎಂಬುದೂ ನಮ್ಮದೇ ಮಾತು. ಮನೆಯಲ್ಲಿ ಮರಾಠಿ ಮಾತಾಡುವ ಭಕ್ತರೂ ಈ ಪದಗಳನ್ನು ಶ್ರದ್ಧೆಯಿಂದ ಉಳಿಸಿಕೊಂಡು ಬಂದಿದ್ದಾರೆ. ಅವುಗಳ ಅರ್ಥವನ್ನು ತಿಳಿದು ಹೇಳಬಲ್ಲವರು ಕನ್ನಡ ಶಾಲೆಯ ಮಕ್ಕಳು. ಆ ಶಾಲೆಗಳು ಬರಿದಾದರೆ ಪದಗಳು ಉಳಿದಾವು, ಅರ್ಥವು ಉಳಿಯಲಾರದು.

ಕೋಟೆ

ಕೆರೆಗೆ ಹೊಂದಿಕೊಂಡೇ ಇರುವ ಭುಯಿಕೋಟವು ಬಹಮನಿ ಕಾಲದ ನೆಲದುರ್ಗ. ಒಂದು ಬದಿಗೆ ಕೆರೆ, ಉಳಿದೆಡೆ ಕಂದಕ, ಒಳಗೆ ಎರಡು ಸುತ್ತಿನ ಗೋಡೆ. ಅಹಮದನಗರದ ನಿಜಾಮಶಾಹಿ ಮತ್ತು ವಿಜಾಪುರದ ಆದಿಲಶಾಹಿಗಳ ನಡುವೆ ಈ ಕೋಟೆಗಾಗಿ ದೀರ್ಘಕಾಲ ಕಲಹ ನಡೆಯಿತು. ಚಾಂದಬೀಬಿಯು ಅಲಿ ಆದಿಲಶಹನನ್ನು ವರಿಸಿದಾಗ ಸೊಲ್ಲಾಪುರವು ವರದಕ್ಷಿಣೆಯಾಗಿ ವಿಜಾಪುರಕ್ಕೆ ಸಂದಿತು. 1818ರ ಮೇ ತಿಂಗಳಲ್ಲಿ ಪೇಶ್ವೆಯ ಪಡೆಗಳನ್ನು ಸೋಲಿಸಿ ಇಂಗ್ಲಿಷರು ಕೋಟೆಯನ್ನು ವಶಪಡಿಸಿಕೊಂಡರು. ಒಳಗಿರುವ ಹಳೆಯ ದೇಗುಲದ ಅವಶೇಷಗಳನ್ನು ನೋಡದೆ ಬರಬಾರದು.

ನಾಲ್ವರು ಹುತಾತ್ಮರು

1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿಗಳ ಈ ನಗರವು ಸಿಡಿದೆದ್ದಿತು. ಗೋಲಿಬಾರು ನಡೆದು, ಕೆಲವು ದಿನ ಆಡಳಿತವೇ ಕುಸಿದು, ಸರಕಾರವು ಸೈನಿಕ ಕಾನೂನನ್ನು ಜಾರಿಗೊಳಿಸಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ನಾಲ್ಕು ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಈ ನಗರವು ಯಾರದೆಂಬ ಪ್ರಶ್ನೆಗೆ ಚಾರ್ ಹುತಾತ್ಮ ಚೌಕವೇ ಉತ್ತರ ಹೇಳುತ್ತದೆ.

ಸಮಯವಿದ್ದರೆ, ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ತೀರಿಕೊಂಡ ವೈದ್ಯ ದ್ವಾರಕಾನಾಥ ಕೋಟಣೀಸರ ಸ್ಮಾರಕವನ್ನೂ ಕಾಣಬಹುದು. ಅವರು 1910ರಲ್ಲಿ ಜನಿಸಿದ್ದು ಈ ಊರಿನಲ್ಲಿಯೇ.

ನಗರದಾಚೆ

ಇನ್ನೊಂದು ದಿನವಿರುವವರು ಭೀಮಾ ಮತ್ತು ಸೀನಾ ನದಿಗಳ ಸಂಗಮದ ಹತ್ತರಸಂಗ ಕೂಡಲಕ್ಕೆ ಹೋಗಬಹುದು. ಅಲ್ಲಿಯ ಬಹುಮುಖ ಲಿಂಗದಲ್ಲಿ 359 ಮುಖಗಳಿವೆ. ಶಕ 940ರ, ಅಂದರೆ 1018ರ, ಪ್ರಾಚೀನ ಮರಾಠಿ ಶಾಸನವೂ ಅಲ್ಲಿದೆ. ಕಲ್ಯಾಣಕ್ಕೆ ಮುನ್ನ ಬಿಜ್ಜಳನ ರಾಜಧಾನಿಯಾಗಿದ್ದ ಮಂಗಳವಾಡ, ಇಂದಿನ ಮಂಗಳವೇಢೆ, ಇದೇ ಜಿಲ್ಲೆಯಲ್ಲಿದೆ. ಭೀಮಾತೀರದ ನೆಲವು ಎರಡು ನುಡಿಗಳನ್ನೂ ಹೊತ್ತು ಬೆಳೆಸಿದೆ. ಒಂದನ್ನು ಮರೆತು ಇನ್ನೊಂದನ್ನು ಅರಿಯಲಾಗದು.

ಹೊರಡುವ ಮುನ್ನ

ಬೆಳಗಿನ ತಂಪಿನಲ್ಲಿ ದೇವಾಲಯ, ಬಳಿಕ ಕೋಟೆ, ಸಂಜೆ ಹುತಾತ್ಮ ಚೌಕ ಎಂಬ ಕ್ರಮವು ಅನುಕೂಲಕರ. ಬೇಸಿಗೆಯ ಬಿಸಿಲು ಇಲ್ಲಿ ಕಠಿಣ. ಮಳೆಗಾಲದ ನಂತರ ಹೋಗುವುದು ಲೇಸು. ಜಾತ್ರೆಯ ದಿನಗಳಲ್ಲಿ ಜನಸಂದಣಿ ಅಪಾರವಾದುದರಿಂದ ಚಿಕ್ಕ ಮಕ್ಕಳ ಬಗ್ಗೆ ಎಚ್ಚರವಿರಲಿ. ಹಿಂದಿನ ರಾತ್ರಿ ಸಿದ್ಧರಾಮರ ಒಂದು ವಚನವನ್ನು ಮನೆಮಂದಿಯೆಲ್ಲ ಕೂಡಿ ಓದಿಕೊಳ್ಳಿರಿ. ದೇವಾಲಯದ ಅಂಗಳದಲ್ಲಿ ಅದನ್ನು ನಿಮ್ಮ ಮಗುವೇ ಹೇಳಲಿ.