ವಿದ್ಯಾರ್ಥಿಗಳ ಕೈಬರಹದ ಪತ್ರಿಕೆಗಳೂ ಉತ್ಸಾಹದಳಗಳೂ: ಹುಬ್ಬಳ್ಳಿ-ಧಾರವಾಡಗಳ ಚರಿತ್ರೆಯಲ್ಲೊಂದು ವಿಚಾರ

ಕವಿಗಳ ಮತ್ತು ಗ್ರಂಥಕರ್ತರ ಚರಿತ್ರೆಯನ್ನು ಬರೆಯುವವರು ಅವರ ಪ್ರಥಮ ಮುದ್ರಿತ ಕೃತಿಯಿಂದ ಆರಂಭಿಸುವುದು ವಾಡಿಕೆಯಾಗಿದೆ. ಅದಕ್ಕೂ ಹಿಂದೆ ಆ ಕೈಯು ಯಾವ ಕಾಗದದ ಮೇಲೆ ಪಳಗಿತು, ಆ ಕಂಠವು ಯಾವ ಗುಂಪಿನಲ್ಲಿ ತೆರೆಯಿತು ಎಂಬುದನ್ನು ವಿಚಾರಿಸುವವರು ವಿರಳ. ಕೆಲವು ಕಾಲದ ಹಿಂದೆ ನಾವು ಕೇಶ್ವಾಪುರದಿಂದ ಹೊರಟು, ಈ ಅವಳಿ ನಗರದ ಒಂದು ಹಳೆಯ ಶಾಲೆಗೆ ಹೋಗಿ, ಅಲ್ಲಿಯ ವಿದ್ಯಾರ್ಥಿಗಳು ಹಿಂದೆ ಬರೆದಿಡುತ್ತಿದ್ದ ಕೈಬರಹದ ಪತ್ರಿಕೆಗಳನ್ನು ನೋಡಬೇಕೆಂದು ಕೇಳಿದೆವು. ಕಪಾಟನ್ನು ತೆರವು ಮಾಡುವಾಗ ಅವು ರದ್ದಿಗೆ ಹೋದುವೆಂದು ಉತ್ತರವು ಬಂದಿತು. ಪ್ರಕೃತ ಲೇಖನಕ್ಕೆ ಇದೇ ನಿಮಿತ್ತವು.

ವಿದ್ಯಾರ್ಥಿಜೀವನದಲ್ಲಿ ಪಾಠಕ್ಕೆ ಹೊರತಾದ ಎರಡು ವ್ಯವಸಾಯಗಳು ಗಣ್ಯವಾದುವು: ಒಂದು ಲೇಖನಿಯದು, ಇನ್ನೊಂದು ಕಂಠದ್ದು. ಮೊದಲನೆಯದು ಸಾಹಿತ್ಯಪತ್ರಿಕೆಯಾಯಿತು, ಎರಡನೆಯದು ಗೀತ, ಘೋಷ, ಕವಾಯತುಗಳಿಂದ ಕೂಡಿದ ದಳವಾಯಿತು. ಇವೆರಡೂ ಆಂಗ್ಲವಿದ್ಯೆಯೊಡನೆ ಬಂದ ಪರದೇಶದ ವಸ್ತುಗಳೆಂದು ಕೆಲವರ ಮತ. ಅಮೇರಿಕೆಯಲ್ಲಿ 1898ನೆಯ ಇಸವಿಯಲ್ಲಿ ಮಿನಸೋಟಾ ವಿಶ್ವವಿದ್ಯಾಲಯದ ಜಾನಿ ಕ್ಯಾಂಬೆಲ್ ಎಂಬ ವಿದ್ಯಾರ್ಥಿಯು ಪಂದ್ಯದ ಪ್ರೇಕ್ಷಕರಿಂದ ಒಕ್ಕೊರಲಿನ ಘೋಷವನ್ನು ಮಾಡಿಸಿದುದೇ ಅಲ್ಲಿಯ ವಿದ್ಯಾಸಂಸ್ಥೆಗಳ ಉತ್ಸಾಹದಳಗಳಿಗೆ ಮೂಲವೆಂದು ಎಣಿಸಲ್ಪಟ್ಟಿದೆ. ಹುಬ್ಬಳ್ಳಿಯಲ್ಲಿ ದಳವನ್ನು ಕಟ್ಟಿದ ಡಾ॥ ನಾ. ಸು. ಹರ್ಡೀಕರರೂ ಅಮೇರಿಕೆಯಲ್ಲಿ ಓದಿದವರೇ. ಆದರೆ ಇಷ್ಟರಿಂದಲೇ ಕಾರ್ಯಕಾರಣಭಾವವನ್ನು ಕಲ್ಪಿಸುವುದು ಕಾಕತಾಲೀಯವನ್ನೇ ಪ್ರಮಾಣವೆಂದಂತಾದೀತು. ಅಲ್ಲಿಯ ಘೋಷವು ಆಟದ ಗೆಲವಿಗಾಗಿ. ಇಲ್ಲಿಯದು ನಾಡಿನ ಬಿಡುಗಡೆಗಾಗಿ. ಪ್ರಯೋಜನವು ಭಿನ್ನವಾದಲ್ಲಿ ರೂಪದ ಸಾಮ್ಯವೊಂದರಿಂದ ಮೂಲವನ್ನು ನಿರ್ಣಯಿಸಲಾಗದು.

ಪತ್ರಿಕೆಯ ವಿಚಾರವೂ ಹಾಗೆಯೇ. ಸಂಸ್ಕೃತ ಪಾಠಶಾಲೆಗಳಲ್ಲಿ ಬೆಳೆದವರಿಗೆ ವಾಕ್ಯಾರ್ಥಸಭೆ, ಸಮಸ್ಯಾಪೂರಣ, ಅಂತ್ಯಾಕ್ಷರಿಗಳು ಪರಿಚಿತವಾದುವು. ಸಹಪಾಠಿಗಳ ಎದುರಿನಲ್ಲಿ ತನ್ನ ಮಾತನ್ನು ಒರೆಗೆ ಹಚ್ಚುವ ಅಭ್ಯಾಸವು ನಮಗೆ ಹೊಸದಲ್ಲ. ಆದರೆ ಅಲ್ಲಿ ಆಡಿದುದು ಆ ಸಭೆಯೊಡನೆಯೇ ಮುಗಿಯುತ್ತಿದ್ದಿತು. ಹೈಸ್ಕೂಲು ಕೊಟ್ಟ ಹೊಸ ಅಂಶಗಳೆಂದರೆ ಕಾಗದ, ಕಾಲನಿಯಮ ಮತ್ತು ಸಂಪಾದಕನೆಂಬ ಅಧಿಕಾರಿ. ಆದುದರಿಂದ ಬೀಜವು ಹಳೆಯದು, ಕ್ಷೇತ್ರವು ಹೊಸದೆಂದು ಹೇಳುವುದೇ ಯುಕ್ತವು.

ಕೈಬರಹದ ಪತ್ರಿಕೆಯ ಕ್ರಮವು ಸರಳವಾದುದು. ಹುಡುಗರು ಬರೆದುದನ್ನು ಕನ್ನಡ ಪಂಡಿತರು ತಿದ್ದುವರು. ಅಕ್ಷರವು ದುಂಡಾಗಿರುವವನು ಪ್ರತಿ ಮಾಡುವನು. ಚಿತ್ರ ಬಲ್ಲವನು ಮುಖಪುಟವನ್ನು ಬರೆಯುವನು. ಸಿದ್ಧವಾದ ಒಂದೇ ಪ್ರತಿಯು ಕೈಯಿಂದ ಕೈಗೆ ಹೋಗುವುದು. ಇದನ್ನು ಬಾಲಲೀಲೆಯೆಂದು ಕಡೆಗಣಿಸುವವರು ಒಂದು ಸಂಗತಿಯನ್ನು ನೆನೆಯಬೇಕು. 1843ರಲ್ಲಿ ಮೋಗ್ಲಿಂಗ್ ಸಾಹೇಬರು ಹೊರಡಿಸಿದ ‘ಮಂಗಳೂರ ಸಮಾಚಾರ’ವು, ಕನ್ನಡದ ಮೊದಲ ವೃತ್ತಪತ್ರಿಕೆಯು, ಕಲ್ಲಚ್ಚಿನಲ್ಲಿ ಮೂಡಿದುದು. ಕಲ್ಲಚ್ಚೆಂದರೆ ಕೈಯಿಂದ ಬರೆದ ಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿಯುವುದು. ಎಂದ ಮೇಲೆ ನಮ್ಮ ಪತ್ರಿಕಾವ್ಯವಸಾಯದ ಆದಿಯೇ ಕೈಬರಹದಲ್ಲಿದೆ.

ಈ ಪ್ರಾಂತದಲ್ಲಿ ಅದಕ್ಕೆ ವಿಶೇಷವಾದ ಒಂದು ಕಾರಣವೂ ಉಂಟು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಮರಾಠಿಯು ಪ್ರಬಲವಾಗಿದ್ದು, ಕನ್ನಡವನ್ನು ಬರೆಯುವುದೇ ಒಂದು ಸಾಧನೆಯಾಗಿದ್ದ ಕಾಲವದು. 1890ರಲ್ಲಿ ರಾ. ಹ. ದೇಶಪಾಂಡೆಯವರು ಮೊದಲಾದವರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು; 1896ರಲ್ಲಿ ಅದರ ‘ವಾಗ್ಭೂಷಣ’ವು ಹೊರಟಿತು. 1917ರಲ್ಲಿ ಕರ್ನಾಟಕ ಕಾಲೇಜು, 1922ರಲ್ಲಿ ಆಲೂರ ವೆಂಕಟರಾಯರ ‘ಜಯಕರ್ನಾಟಕ’. ಮೈಸೂರು ಸೀಮೆಯಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವು ಹುಟ್ಟಿದುದು ವಿದಿತವೇ ಆಗಿದೆ. ಧಾರವಾಡದ ಗೆಳೆಯರ ಗುಂಪಿನಲ್ಲಿ ಹೈಸ್ಕೂಲಿನ ಉಪಾಧ್ಯಾಯರಾದ ದ. ರಾ. ಬೇಂದ್ರೆಯವರೂ, ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿ. ಕೃ. ಗೋಕಾಕರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಗುರುಶಿಷ್ಯರ ವಯಸ್ಸಿನವರು ಗೆಳೆಯರೆನಿಸಿಕೊಂಡುದು ಆ ಗುಂಪಿನ ಹೆಸರಿನಲ್ಲಿಯೇ ವ್ಯಕ್ತವಾಗಿದೆ.

ಇನ್ನು ದಳದ ವಿಚಾರ. ಹರ್ಡೀಕರರ ಪ್ರಯತ್ನದಿಂದ 1923ರ ಕಾಕಿನಾಡಾ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳವು ಏರ್ಪಟ್ಟು, ಹುಬ್ಬಳ್ಳಿಯೇ ಅದರ ಕೇಂದ್ರವಾಯಿತು. ಸಾಲಾಗಿ ನಿಲ್ಲುವುದು, ಒಂದೇ ಹೆಜ್ಜೆಯಲ್ಲಿ ನಡೆಯುವುದು, ಒಂದೇ ಸ್ವರದಲ್ಲಿ ಹಾಡುವುದು, ಇವು ತರುಣರಿಗೆ ದೊರೆತ ಶಿಕ್ಷಣ. ಮರುವರ್ಷ, 1924ರಲ್ಲಿ, ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತವು ಹಾಡಲ್ಪಟ್ಟಿತು. ಸ್ವಾಗತಗೀತವನ್ನು ಹಾಡಿದ ಬಾಲಿಕೆಯರಲ್ಲಿ ಮುಂದೆ ಹುಬ್ಬಳ್ಳಿಯ ಕೀರ್ತಿಯಾದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಹೀಗೆ ನೋಡಲಾಗಿ, ಲೇಖನಿಯೂ ಕಂಠವೂ ಅಲ್ಲಿ ಒಂದುಗೂಡಿದುವು. ಈ ಉತ್ಸಾಹಕ್ಕೆ ಬೆಲೆಯೂ ತೆರಬೇಕಾಯಿತು. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಗೋಳೀಬಾರಿನಲ್ಲಿ ಮಡಿದ ನಾರಾಯಣ ಡೋಣಿಯು ಇನ್ನೂ ಶಾಲೆಯ ಬಾಲಕನು.

ಮುದ್ರಿತ ಪತ್ರಿಕೆಯ ಒಂದು ಪ್ರತಿಯು ನಷ್ಟವಾದರೆ ಇನ್ನೊಂದು ಎಲ್ಲಿಯಾದರೂ ಸಿಕ್ಕೀತು. ಕೈಬರಹದ ಪತ್ರಿಕೆಯು ಹೋದರೆ ಹೋಯಿತು. ಹುಡುಗರ ಪದ್ಯಗಳಲ್ಲಿ ಕಾವ್ಯಗುಣವೆಷ್ಟು ಎಂದು ಕೇಳುವವರಿಗೆ ನಮ್ಮ ಸಮಾಧಾನವಿಷ್ಟೆ: ನಾವು ಅವನ್ನು ಕಾವ್ಯವೆಂದಲ್ಲ, ಸಾಕ್ಷಿಯೆಂದು ಬಯಸುತ್ತೇವೆ. ಮನೆಯ ಮಾತು ಎಲ್ಲಿ ನಿಂತಿತು, ಗ್ರಂಥದ ಮಾತು ಎಲ್ಲಿ ಮೊದಲಾಯಿತು, ಪಂಡಿತರು ಕೆಂಪು ಶಾಯಿಯಿಂದ ಯಾವ ಪದವನ್ನು ಹೊಡೆದು ಯಾವುದನ್ನು ಬರೆದರು, ಎಂಬುದನ್ನು ತಿಳಿಸಲು ಅಂಥ ಹಾಳೆಗಳಿಗಿಂತ ನೇರವಾದ ಸಾಕ್ಷಿಯು ಬೇರೆ ಯಾವುದು?

ಈ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ಪಾಠಶಾಲೆಯಲ್ಲಿ ಸಹಪಾಠಿಗಳೊಡನೆ ಪೂರಣ ಮಾಡಿದ ಸಮಸ್ಯೆಗಳ ವಹಿಯನ್ನು ನಾವೇ ಮನೆ ಬದಲಿಸುವಾಗ ಎತ್ತಿ ಹಾಕಿದೆವು. ಇಂದು ಅದರ ಒಂದು ಶ್ಲೋಕವೂ ಪೂರ್ತಿಯಾಗಿ ನೆನಪಿಗೆ ಬಾರದು. ಆದುದರಿಂದ ಉಪಾಧ್ಯಾಯ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ತಮ್ಮ ಶಾಲೆಯ ಕಪಾಟನ್ನು ರದ್ದಿಯವನು ತೆರೆಯುವ ಮೊದಲು ತಾವು ತೆರೆಯಬೇಕು. ದೊರೆತ ಹಾಳೆಗಳ ಕಾಲವನ್ನು ಗುರುತಿಸಿ, ಛಾಯಾಚಿತ್ರ ತೆಗೆದು, ಮೂಲವನ್ನು ಬಟ್ಟೆಯಲ್ಲಿ ಕಟ್ಟಿ ಇರಿಸಿದರೆ ಅಷ್ಟೇ ಸಾಕು. ಅವುಗಳನ್ನು ಓದಿ ಅರ್ಥ ಮಾಡುವವರು ಮುಂದೆ ಹುಟ್ಟಿಯಾರು. ಬರೆದ ಆ ಹುಡುಗರು ಮತ್ತೆ ಬರುವವರಲ್ಲ.