ಕೋಪನ್‌ಹೇಗನ್ನಿನ ‘ಕ್ಷಾರ’ ಮತ್ತು ಶ್ವಾಸಕೋಶ ತಜ್ಞರ ತರಬೇತಿ: ಒಂದು ಮರುಪರಿಶೀಲನೆ

ಶ್ವಾಸಕೋಶ ವೈದ್ಯಕೀಯವೂ ತೀವ್ರನಿಗಾ ವೈದ್ಯಕೀಯವೂ ಒಂದೇ ಫೆಲೋಷಿಪ್ಪಿನೊಳಗೆ ಹೇಗೆ ಬಂದವು ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ. ಸ್ಟ್ರೆಪ್ಟೊಮೈಸಿನ್ ಬಂತು, ಐಸೊನಿಯಾಜಿಡ್ ಬಂತು, ಸ್ಯಾನಟೋರಿಯಂಗಳು ಖಾಲಿಯಾದವು. ಕೈಗೆ ಕೆಲಸವಿಲ್ಲದ ಎದೆರೋಗ ವೈದ್ಯರು ವೆಂಟಿಲೇಟರ್ ಪಕ್ಕ ಬಂದು ನಿಂತರು. ಕಥೆ ಚೆನ್ನಾಗಿದೆ. ಇಸವಿಗಳನ್ನು ಎದುರಿಗಿಟ್ಟುಕೊಂಡು ಓದಿದರೆ ಮಾತ್ರ ಅದು ನಿಲ್ಲುವುದಿಲ್ಲ.

ಅಮೆರಿಕದ ಸಾರನಾಕ್ ಲೇಕ್‌ನಲ್ಲಿದ್ದ ಟ್ರುಡೊ ಸ್ಯಾನಟೋರಿಯಂ ಮುಚ್ಚಿದ್ದು 1954ರಲ್ಲಿ. ನ್ಯೂಯಾರ್ಕ್‌ನಲ್ಲಿ ಕೂರ್ನಾಂ ಮತ್ತು ರಿಚರ್ಡ್ಸ್ ಶ್ವಾಸಕೋಶ–ಹೃದಯದ ಕಾರ್ಯವನ್ನು ಅಳೆಯತೊಡಗಿದ್ದು ಅದಕ್ಕೂ ಎರಡು ದಶಕ ಮೊದಲು, ಸ್ಯಾನಟೋರಿಯಂಗಳು ತುಂಬಿ ತುಳುಕುತ್ತಿದ್ದಾಗ. 1956ರ ನೊಬೆಲ್ ಅವರಿಗೆ ಸಂದದ್ದು ಈ ಅಳತೆಯ ಕೆಲಸಕ್ಕೆ, ಕ್ಷಯದ ಚಿಕಿತ್ಸೆಗಲ್ಲ. ಇನ್ನು ನಮ್ಮ ದೇಶದಲ್ಲಿ ಆ ಕಥೆಗೆ ಕಾಲೂರಲು ಜಾಗವೇ ಇಲ್ಲ. ಮೈಸೂರಿನ ಪಿ.ಕೆ.ಟಿ.ಬಿ. ಆಸ್ಪತ್ರೆಯಾಗಲಿ, ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆಯಾಗಲಿ ಕೆಲಸವಿಲ್ಲದೆ ಕೂತದ್ದನ್ನು ಕಂಡವರಿಲ್ಲ. ಕ್ಷಯ ಇಲ್ಲಿಂದ ಹೋಗಲೇ ಇಲ್ಲ, ಆದರೂ ಡಿ.ಎಂ. ಪದವಿಗೆ ‘ಪಲ್ಮನರಿ ಅಂಡ್ ಕ್ರಿಟಿಕಲ್ ಕೇರ್’ ಎಂಬ ಜೋಡಿ ಹೆಸರು ಬಂತು. ಕಾರಣ ಬೇರೆಲ್ಲೋ ಇರಬೇಕು. ಅದು 1952ರ ಕೋಪನ್‌ಹೇಗನ್ನಿನ ಬ್ಲೆಗ್‌ಡಾಮ್ ಆಸ್ಪತ್ರೆಯ ರಕ್ತಪರೀಕ್ಷೆಯ ಒಂದು ಅಂಕಿಯಲ್ಲಿದೆ ಎಂಬುದು ನನ್ನ ವಾದ.

ಆ ವರ್ಷದ ಪೋಲಿಯೊ ಪಿಡುಗಿನ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ಆದರೆ ಅದನ್ನು ‘ವೆಂಟಿಲೇಟರ್ ಯಂತ್ರದ ವಿಜಯ’ ಎಂದು ಬರೆಯುವವರು ಮೂಲ ಲೇಖನಗಳನ್ನು ತೆರೆದು ನೋಡಿದಂತಿಲ್ಲ. ಆಸ್ಪತ್ರೆಯಲ್ಲಿ ಯಂತ್ರಗಳಿದ್ದವು: ಇಡೀ ಮೈಯನ್ನು ಒಳಗಿಡುವ ಕಬ್ಬಿಣದ ಶ್ವಾಸಕೋಶ ಒಂದು, ಎದೆಗೆ ಕಟ್ಟುವ ಕವಚದಂಥವು ಆರು. ರೋಗಿಗಳು ಆ ಯಂತ್ರಗಳಲ್ಲೇ ಸತ್ತರು. ಮೊದಲ ಮೂರು ವಾರಗಳಲ್ಲಿ ಉಸಿರಾಟಕ್ಕೆ ಯಂತ್ರದ ನೆರವು ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಈಗ ಆ ಅಂಕಿಗೆ ಬರೋಣ. ಸಾಯುತ್ತಿದ್ದವರ ರಕ್ತದಲ್ಲಿ ಒಟ್ಟು ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಏರಿತ್ತು. ಇದರ ಬಹುಪಾಲು ಬೈಕಾರ್ಬನೇಟ್ ರೂಪದಲ್ಲಿರುತ್ತದೆ, ಬೈಕಾರ್ಬನೇಟ್ ಕ್ಷಾರ. ಹಾಗಾಗಿ ಆಸ್ಪತ್ರೆಯ ವೈದ್ಯರು ಇದನ್ನು ಕಾರಣ ತಿಳಿಯದ ಕ್ಷಾರಾಧಿಕ್ಯ ಎಂದು ಓದಿದರು. ಮುಖ್ಯ ವೈದ್ಯ ಲಾಸೆನ್ ದಡ್ಡರಾಗಿರಲಿಲ್ಲ, ಅಂಕಿಯೂ ತಪ್ಪಾಗಿರಲಿಲ್ಲ. ಅದೇ ಅಂಕಿ ಇನ್ನೊಂದು ಸ್ಥಿತಿಯಲ್ಲೂ ಬರುತ್ತದೆ: ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದು ರಕ್ತ ಆಮ್ಲವಾಗಿದ್ದಾಗಲೂ ಬೈಕಾರ್ಬನೇಟ್ ಏರುತ್ತದೆ. ಒಟ್ಟು ಪ್ರಮಾಣವೊಂದನ್ನೇ ನೋಡಿದರೆ ಇವೆರಡನ್ನು ಬೇರ್ಪಡಿಸುವ ದಾರಿಯಿಲ್ಲ, ಪಿಎಚ್ ಅಳೆಯಲೇಬೇಕು. ಜತೆಗೆ ರೋಗಿಗೆ ಆಮ್ಲಜನಕ ಕೊಡುತ್ತಿದ್ದರೆ ಮೈ ನೀಲಿಗಟ್ಟುವುದಿಲ್ಲ. ತುಟಿ ಕೆಂಪಗಿರುತ್ತದೆ, ರಕ್ತದೊತ್ತಡ ಏರುತ್ತದೆ, ಮೈ ಬೆವರುತ್ತದೆ, ಪ್ರಜ್ಞೆ ಜಾರುತ್ತದೆ. ಕಣ್ಣಳತೆಯ ವೈದ್ಯಕ್ಕೆ ಇದೆಲ್ಲ ಮಿದುಳಿಗೆ ತಗುಲಿದ ಪೋಲಿಯೊದಂತೆಯೇ ಕಾಣುತ್ತದೆ.

ಅಂಕಿಯನ್ನು ತಿರುವಿ ಓದಿದವರು ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್. ಅವರನ್ನು ಕರೆಸಬೇಕೆಂದು ಹೇಳಿದವರು ಆಸ್ಪತ್ರೆಯ ವೈದ್ಯ ಮೊಗೆನ್ಸ್ ಬ್ಯೋರ್ನೆಬೊ. (ಇಬ್ಸೆನ್ ಭಕ್ತರು ಈ ಹೆಸರನ್ನು ನುಂಗಿಹಾಕುವುದು ವಾಡಿಕೆ.) ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಟ್ಟದ್ದು ಪ್ರಸಿದ್ಧ. ಚರಿತ್ರಕಾರರು ಚೀಲದ ಬಳಿಯೇ ನಿಂತುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅದರ ಪಕ್ಕದಲ್ಲಿದ್ದ ಉಪಕರಣ. ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಇಬ್ಸೆನ್ ಅಳೆದು ತೋರಿಸಿದರು. ಗಾಳಿ ಸಾಕಷ್ಟು ಆಡಿದಾಗ ಅದು ಇಳಿಯಿತು, ಜತೆಗೆ ಕೆಟ್ಟ ಲಕ್ಷಣಗಳೂ ಹಿಂದೆ ಸರಿದವು. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ಪಿಎಚ್ ಅಳೆದಾಗ ರಕ್ತ ಕ್ಷಾರವಲ್ಲ, ಆಮ್ಲ ಎಂಬುದು ಖಚಿತವಾಯಿತು. ವಾದ ಮುಗಿದದ್ದು ಅಲ್ಲಿ. ಆಸ್ಟ್ರುಪ್‌ಗೆ ಪಠ್ಯಪುಸ್ತಕಗಳು ಅಡಿಟಿಪ್ಪಣಿಯಷ್ಟೇ ಜಾಗ ಕೊಡುವುದು ಅನ್ಯಾಯವೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಇದಕ್ಕೆ ಎರಡು ದಾಖಲೆಗಳಿವೆ: 1953ರ ಜನವರಿಯ ‘ಲ್ಯಾನ್ಸೆಟ್’ನಲ್ಲಿ ಲಾಸೆನ್ ಒಬ್ಬರದೇ ಹೆಸರಿನ ವರದಿ, ಮತ್ತು ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನ ನಡಾವಳಿಯಲ್ಲಿ 1954ರಲ್ಲಿ ಬಂದ ಇಬ್ಸೆನ್ ಲೇಖನ. ಮೊದಲನೆಯದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅರಿವಳಿಕೆ ವೈದ್ಯನ ದೃಷ್ಟಿಯಿಂದ ಬರೆದದ್ದೆಂದು ಶೀರ್ಷಿಕೆಯಲ್ಲೇ ಸಾರುವ ಎರಡನೆಯದನ್ನು ಓದುವವರು ಹೆಚ್ಚಾಗಿ ಅರಿವಳಿಕೆಯವರೇ. ಶ್ವಾಸಕೋಶ ತಜ್ಞರು ತಮ್ಮ ವಿಭಾಗದ ಹುಟ್ಟನ್ನು ಒಂದೇ ಕಣ್ಣಿನಿಂದ ನೋಡುವುದಕ್ಕೆ ಇದೂ ಒಂದು ಕಾರಣ.

ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಚೀಲ ಹಿಸುಕಿದರು. ಇದನ್ನೇ ‘ಮೊದಲ ತೀವ್ರನಿಗಾ ತರಬೇತಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ಕೊಟ್ಟದ್ದು ದುಡಿಮೆ. ಎಷ್ಟು ಹಿಸುಕಬೇಕು, ಸಾಕಾಯಿತೇ ಎಂಬ ತೀರ್ಪು ಬೇರೆಯವರದು. ಆ ತೀರ್ಪು ಕೊಡಬಲ್ಲ ವಿದ್ಯೆಯೇ ತರಬೇತಿ. ಇಬ್ಸೆನ್‌ಗೆ ಅದು ದಕ್ಕಿದ್ದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, 1949–50ರಲ್ಲಿ, ಹೆನ್ರಿ ಬೀಚರ್ ಕೈಕೆಳಗೆ. ಶಸ್ತ್ರಕ್ರಿಯೆಯ ಮೇಜಿನ ಮೇಲಿನ ರೋಗಿಗೆ ಉಸಿರು ಕೊಡುವವನು ಸಾಲದ ಉಸಿರಿನ ಲಕ್ಷಣಗಳನ್ನು ದಿನವೂ ನೋಡುತ್ತಾನೆ. ಸೋಂಕುರೋಗಗಳ ವೈದ್ಯನಿಗೆ ಆ ಅವಕಾಶವಿರಲಿಲ್ಲ.

ಹಾಗಾದರೆ ತೀವ್ರನಿಗಾ ಅರಿವಳಿಕೆಯವರ ಸೊತ್ತೇ? ಡೆನ್ಮಾರ್ಕ್‌ನಲ್ಲಿ ಬಹುಮಟ್ಟಿಗೆ ಹಾಗೇ ಆಯಿತು; 1953ರ ಡಿಸೆಂಬರ್‌ನಲ್ಲಿ ಕೊಮ್ಯುನೆ ಆಸ್ಪತ್ರೆಯ ಘಟಕವನ್ನು ಇಬ್ಸೆನ್ನರೇ ತೆರೆದರು. ಅಮೆರಿಕದಲ್ಲೂ ಮೊದಲ ಸಾಲಿನಲ್ಲಿದ್ದವರು ಅರಿವಳಿಕೆಯವರೇ: ಬಾಲ್ಟಿಮೋರ್‌ನಲ್ಲೂ ಮುಂದೆ ಪಿಟ್ಸ್‌ಬರ್ಗ್‌ನಲ್ಲೂ ಪೀಟರ್ ಸಫಾರ್, ಬಾಸ್ಟನ್‌ನಲ್ಲಿ ಡೆನ್ಮಾರ್ಕ್ ಮೂಲದ ಪಾಂಟೊಪಿಡಾನ್. ಆದರೆ ಅಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಕ್ಲಾರ್ಕ್ ಅವರ ಆಮ್ಲಜನಕ ಎಲೆಕ್ಟ್ರೋಡ್, ಸೆವರಿಂಗ್‌ಹೌಸ್ ಅವರ ಕಾರ್ಬನ್ ಡೈಆಕ್ಸೈಡ್ ಎಲೆಕ್ಟ್ರೋಡ್ ಎರಡೂ 1950ರ ದಶಕದ ಕೊನೆಯ ಹೊತ್ತಿಗೆ ಸಿದ್ಧವಾದವು. ಇವನ್ನು ಜೋಡಿಸಿದ ರಕ್ತದ ಅನಿಲ ಅಳೆಯುವ ಯಂತ್ರ ಅನೇಕ ಆಸ್ಪತ್ರೆಗಳಲ್ಲಿ ನೆಲೆಗೊಂಡದ್ದು ಶ್ವಾಸಕೋಶದ ಕಾರ್ಯಪರೀಕ್ಷೆ ನಡೆಯುವ ಕೋಣೆಯಲ್ಲಿ. ರಕ್ತದ ಅನಿಲದ ಅಂಕಿಯನ್ನು ಓದಬಲ್ಲವರನ್ನೇ ವಾರ್ಡಿನವರು ಕರೆಯತೊಡಗಿದರು. 1967ರಲ್ಲಿ ಡೆನ್ವರ್‌ನ ಆಶ್‌ಬಾ, ಪೆಟ್ಟಿ ಮತ್ತು ಸಂಗಡಿಗರು 12 ರೋಗಿಗಳಲ್ಲಿ ಹಠಾತ್ ಉಸಿರಾಟ ವೈಫಲ್ಯದ ಹೊಸ ಸ್ವರೂಪವನ್ನು ಗುರುತಿಸಿದ್ದು ಇಂಥ ಅಳತೆಯ ಬಲದಿಂದಲೇ. 1987ರಲ್ಲಿ ಅಮೆರಿಕದ ಇಂಟರ್ನಲ್ ಮೆಡಿಸಿನ್ ಮಂಡಳಿ ತೀವ್ರನಿಗಾ ಪರೀಕ್ಷೆ ಶುರುಮಾಡುವ ಹೊತ್ತಿಗೆ ಶ್ವಾಸಕೋಶ ತಜ್ಞರು ಐಸಿಯುವಿನಲ್ಲಿ ನೆಂಟರಾಗಿರಲಿಲ್ಲ, ಮನೆಯವರಾಗಿದ್ದರು. ಈಗಿನ ಜೋಡಿ ಫೆಲೋಷಿಪ್ ಮೂರು ವರ್ಷದ್ದು. ಅದರಲ್ಲಿ ಕನಿಷ್ಠ 18 ತಿಂಗಳು ರೋಗಿಗಳ ಬಳಿ ಕಳೆಯಬೇಕು.

ಸ್ಯಾನಟೋರಿಯಂ ಕಥೆಯನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಹಾಸಿಗೆ, ಸಿಬ್ಬಂದಿ, ಹಣ ಅಲ್ಲಿಂದ ಬಂದಿರಬಹುದು. ಅಧಿಕಾರ ಬಂದದ್ದು ಅಲ್ಲಿಂದಲ್ಲ. ರಕ್ತದ ಅನಿಲದ ಅಂಕಿಯಿಂದ.

ನಮ್ಮ ಪಠ್ಯಕ್ರಮ ರೂಪಿಸಿದವರು ಅಮೆರಿಕದ ಜೋಡಿಯನ್ನು ತಂದರು, ಅದು ಹುಟ್ಟಿದ ತಕರಾರನ್ನು ತರಲಿಲ್ಲ. ಇಂದು ಡಿ.ಎಂ. ಕ್ರಿಟಿಕಲ್ ಕೇರ್‌ಗೆ ಅರಿವಳಿಕೆಯ ಎಂ.ಡಿ. ಆದವರಿಗೆ ಪ್ರವೇಶವಿದೆ, ಶ್ವಾಸಕೋಶದ ಡಿ.ಎಂ.ಗೆ ಇಲ್ಲ. ಈ ನಿಯಮದ ಪ್ರಕಾರ ಶ್ವಾಸಕೋಶದ ಡಿ.ಎಂ.ಗೆ ಬ್ಯೋರ್ನ್ ಇಬ್ಸೆನ್ ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ.