ಇಪ್ಪತ್ತೊಂಬತ್ತು ಸ್ಥಾನ, ತೊಂಬತ್ತಾರು ಛೇದ: ಗೊಮ್ಮಟಸಾರದ ಮನುಷ್ಯಸಂಖ್ಯೆ

ಭಟ್ಕಳ ತಾಲ್ಲೂಕಿನ ಹಾಡುವಳ್ಳಿ (ಹಿಂದಿನ ಸಂಗೀತಪುರ) ಮತ್ತು ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ಬಸದಿ, ಶಾಸನಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಆ ಬಸದಿಗಳನ್ನು ಕಟ್ಟಿಸಿದ ದಿಗಂಬರ ಪರಂಪರೆಯ ಗಣಿತದತ್ತ ಹೊರಳಿದವರು ಕಡಿಮೆ. ಅದರ ಒಂದೇ ಒಂದು ಸಂಖ್ಯೆ ಇಲ್ಲಿನ ವಿಷಯ: 79228162514264337593543950336.

ಪರ್ಯಾಪ್ತ (ಶರೀರಾದಿ ಶಕ್ತಿಗಳು ಪೂರ್ಣಗೊಂಡ) ಮನುಷ್ಯರ ಲೆಕ್ಕವಿದು. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ಎರಡರ ಐದನೆಯ ವರ್ಗದ (ಒಂದರ ಮೇಲೊಂದರಂತೆ ಐದು ಸಲ ವರ್ಗಿಸಿದ ಸಂಖ್ಯೆಯ) ಘನ ಎನ್ನುತ್ತಾನೆ. ಮುಂದಿನ ಗಾಹೆಯಲ್ಲಿ (ಪ್ರಾಕೃತ ಪದ್ಯದಲ್ಲಿ) ಅಂಕಗಳನ್ನೇ ಅಕ್ಷರಗಳಲ್ಲಿ ಅಡಗಿಸುತ್ತಾನೆ. ಕೇಶವವರ್ಣಿ 1359ರಲ್ಲಿ ಈ ಗ್ರಂಥಕ್ಕೆ ಕನ್ನಡ ವೃತ್ತಿ ಬರೆದ. ಶ್ವೇತಾಂಬರರ ಅನುಯೋಗದ್ವಾರಸೂತ್ರದ ದಾರಿ ಬೇರೆ: ಐದನೆಯ ವರ್ಗ 4294967296ನ್ನು ಆರನೆಯ ವರ್ಗದಿಂದ ಗುಣಿಸು, ಅದು 29 ಸ್ಥಾನದ್ದು, 96 ಛೇದನಕ ಕೊಡುವ ರಾಶಿ. ಎರಡು ದಾರಿಯೂ ಮುಟ್ಟುವುದು ಎರಡರ 96ನೆಯ ಘಾತವನ್ನೇ.

ಗಣಿತದ ಇತಿಹಾಸಕಾರ ಬಿಭೂತಿಭೂಷಣ ದತ್ತರು ಸೂತ್ರದ ಈ ಮಾತುಗಳಲ್ಲಿ ಸ್ಥಾನಮೌಲ್ಯ ಪದ್ಧತಿಯ ಹಳೆಯ ಸಾಕ್ಷ್ಯ ಕಂಡರು. ಸೂತ್ರಕ್ಕೆ ಅವರು ಕೊಟ್ಟ ಕಾಲ ಕ್ರಿಸ್ತಪೂರ್ವ ಒಂದನೆಯ ಶತಮಾನದ ಆಸುಪಾಸು. ಅದನ್ನು ಎಲ್ಲರೂ ಒಪ್ಪಿಲ್ಲ. ನನ್ನ ತಕರಾರು ಕಾಲದ್ದಲ್ಲ. ಸ್ಥಾನದ ಮಾತನ್ನು ಛೇದದ ಮಾತಿನಿಂದ ಬಿಡಿಸಿ ಓದಬಹುದೇ ಎಂಬುದು.

'ಛೇದನಕ'ಕ್ಕೆ ಧವಳಾ ಟೀಕೆಯ 'ಅರ್ಧಚ್ಛೇದ'ದಂತೆ ಒಂದು ಉಳಿಯುವವರೆಗೆ ಅರ್ಧಿಸುವುದೆಂಬ ಪಾರಿಭಾಷಿಕ ಅರ್ಥವಿದ್ದರೆ 96 ಎಂದಷ್ಟೇ ಸಾಕು, ಸ್ಥಾನದ ಮಾತು ಹೆಚ್ಚುವರಿ. ಬರಿಯ 'ಅರ್ಧಿಸಬಹುದು' ಎಂದಾದರೆ ಸಾಲದು. ಈ ಸಂಖ್ಯೆಯ ಎರಡು ಪಟ್ಟು, ಮೂರು ಪಟ್ಟು ಯಾವುದನ್ನೂ 96 ಸಲ ಅರ್ಧಿಸಬಹುದು. ಆದರೆ ಎರಡು ಪಟ್ಟು ಮಾಡಿದೊಡನೆ ಅಂಕಗಳು 30 ಆಗುತ್ತವೆ! ಹಾಗಾಗಿ 29 ಸ್ಥಾನವುಳ್ಳ, 96 ಸಲ ಅರ್ಧಿಸಬಲ್ಲ ಸಂಖ್ಯೆ ಇದೊಂದೇ. ಸೂತ್ರಕಾರ ಇದನ್ನು ತಿಳಿದೇ ಜೋಡಿಸಿದನೆಂದು ನಾನು ಹೇಳಲಾರೆ; ಎರಡು ಲಕ್ಷಣಗಳು ಅಕಸ್ಮಾತ್ತಾಗಿ ಅಕ್ಕಪಕ್ಕ ಬಂದಿರಲೂಬಹುದು. ಸಂಖ್ಯೆಯ ಮಟ್ಟಿಗೆ ಮಾತ್ರ ಬೀಗ ಭದ್ರವಾಗಿದೆ.

ಪಾಠಶೋಧನೆಗೆ ಇದು ಸಲ್ಲುತ್ತದೆ. ಗಾಹೆಯಲ್ಲಿ ಒಂದೊಂದು ಅಕ್ಷರವೂ ಒಂದೊಂದು ಅಂಕ: ನಾಲ್ಕನೆಯ ಅಕ್ಷರ 'ನ' ಸೊನ್ನೆ. ಅಂಕಗಳನ್ನು ಬಲದಿಂದ ಎಡಕ್ಕೆ ಇಡಬೇಕು. ಎಂಟನೆಯ ಅಕ್ಷರ 'ವಿ', ಅಂದರೆ 4. ಹಳಗನ್ನಡ ಓಲೆಗಳಲ್ಲಿ ವ, ಮ ಒಂದನ್ನೊಂದು ಹೋಲುವುದುಂಟು. ಲಿಪಿಕಾರ 'ಮಿ' ಎಂದು ಬರೆದನೆನ್ನಿ, 4 ಹೋಗಿ 5 ಬಂತು. ಸಂಖ್ಯೆಗೆ ಒಂದು ಕೋಟಿ ಸೇರಿತು. ಏಳು ಸಲ ಅರ್ಧಿಸುವಷ್ಟರಲ್ಲಿ ಬೆಸಸಂಖ್ಯೆ ಎದುರಾಗುತ್ತದೆ. ಯಾವ ಒಂದಂಕ ತಪ್ಪಿದರೂ 31 ಸಲಕ್ಕಿಂತ ಹೆಚ್ಚು ಅರ್ಧಿಸಲಾಗದು.

 

ಕನ್ನಡ ವೃತ್ತಿಯ ಓಲೆಪ್ರತಿಗಳಲ್ಲಿ ಈ ಗಾಹೆಯ ಪಾಠಾಂತರಗಳನ್ನು ಕಲೆಹಾಕುವ ಕೆಲಸ ಉಳಿದಿದೆ. ಕರಾವಳಿಯ ಮನೆಗಳಲ್ಲಿ ಅಂಥ ಕಟ್ಟು ಯಾರಲ್ಲಾದರೂ ಇದ್ದರೆ, ಪ್ರತಿಯನ್ನು ಅಳೆಯುವ ಮೊದಲು ಸಂಖ್ಯೆಯನ್ನು ಅರ್ಧಿಸಿ ನೋಡಬೇಕೆಂದು ವಿನಂತಿ.